ತಟ್ಟೆಯ ಹಿಂಬದಿಯಲ್ಲಿ ಹುಟ್ಟಿದ ನಗು

ಮಾತೇ ಇಲ್ಲದ ರಾಕ್ ಸಂಗೀತ ಕೇಳುಗರನ್ನು ನಗಿಸಿದರೆ, ಯಾರಿಗೋ ಥಟ್ಟನೆ ಒಂದು ತಮಾಷೆ ಹೊಳೆದಿರಬೇಕು ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಆ ಬಗೆಯ ಸಂಗೀತದಲ್ಲಿ ಬಹುಶಃ ಅತಿ ಹೆಚ್ಚು ಜನ ಕೇಳಿರುವ 'ವೈಪ್ ಔಟ್'ನ ಕಥೆ ಹಾಗಿಲ್ಲ. ಅದರ ಹಿಂದಿನ ಪ್ರೇರಣೆಯನ್ನು ಹುಡುಕಬೇಕಾದದ್ದು ಆ ಕಾಲದ ಧ್ವನಿಮುದ್ರಣ ವ್ಯಾಪಾರದ ಒಂದು ರೂಢಿಯಲ್ಲಿ. ಪುಟ್ಟ ಗ್ರಾಮಫೋನ್ ತಟ್ಟೆಗೆ ಎರಡು ಮಗ್ಗುಲು. ಮುಂದಿನದರಲ್ಲಿ ಮಾರಾಟವಾಗಬೇಕಾದ ಹಾಡು, ಹಿಂದಿನದರಲ್ಲಿ ಜಾಗ ತುಂಬಲು ಏನಾದರೊಂದು. ಹಿಂಬದಿಯ ಮೇಲೆ ಯಾರ ನಿರೀಕ್ಷೆಯೂ ಇರುತ್ತಿರಲಿಲ್ಲ. ಗಂಭೀರವಾಗಿ ಕಾಣಿಸಿಕೊಳ್ಳಬೇಕೆಂಬ ಹಂಗು ಅಲ್ಲಿ ಕಳಚಿಬೀಳುತ್ತಿತ್ತು.

1962-63ರ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಕುಕಮೊಂಗಾ ಊರಿನ ಪಾಲ್ ಸ್ಟುಡಿಯೋಗೆ 'ಸರ್ಫಾರಿಸ್' ತಂಡದ ಹದಿಹರೆಯದ ನಾಲ್ವರು ಹೋದದ್ದು 'ಸರ್ಫರ್ ಜೋ' ಎಂಬ ಹಾಡಿಗಾಗಿ. ಅದು ಮುಗಿದ ಮೇಲೆ ಹಿಂಬದಿ ಖಾಲಿ ಉಳಿಯಿತು. ಡ್ರಮ್ ಬಾರಿಸುತ್ತಿದ್ದ ರಾನ್ ವಿಲ್ಸನ್ ಶಾಲೆಯ ಕವಾಯತು ಬ್ಯಾಂಡಿನಲ್ಲಿ ಪಳಗಿದ್ದ ಒಂದು ನಡೆಯನ್ನು ಓಟದ ವೇಗಕ್ಕೆ ಏರಿಸಿದ, ಉಳಿದವರು ಅದಕ್ಕೆ ಗಿಟಾರ್ ಹೊಂದಿಸಿದರು. ಮೈಕಿನ ಹತ್ತಿರ ಒಂದು ಹಲಗೆಯನ್ನು ಪಟಕ್ಕನೆ ಮುರಿದು, ಅಲೆಯ ಮೇಲೆ ಸರ್ಫಿಂಗ್ ಹಲಗೆ ತುಂಡಾದ ಸದ್ದು ಮಾಡಿದರು. ತಂಡದ ಮ್ಯಾನೇಜರ್ ಡೇಲ್ ಸ್ಮಾಲಿನ್ ಹುಚ್ಚುನಗೆ ನಕ್ಕು, ಹಲಗೆಯಿಂದ ಉರುಳಿಬೀಳುವುದಕ್ಕೆ ಸರ್ಫರ್‌ಗಳು ಬಳಸುವ 'ವೈಪ್ ಔಟ್' ಎಂಬ ಹೆಸರನ್ನು ಕೂಗಿದ. ಕಡಲಿನ ಈ ತಮಾಷೆ ಕಟ್ಟಿದ ಹುಡುಗರು ಕಡಲತೀರದವರೂ ಅಲ್ಲ. ಒಳನಾಡಿನ ಗ್ಲೆಂಡೋರಾದ ಕಡೆಯವರು.

ಹಾಸ್ಯವೆಲ್ಲ ಆ ನಗು ಮತ್ತು ಹೆಸರಿನಲ್ಲಿದೆ, ಸಂಗೀತದಲ್ಲಲ್ಲ ಎಂದು ಯಾರಾದರೂ ವಾದಿಸಬಹುದು. ಮೊದಲ ಕೆಲವು ಸೆಕೆಂಡುಗಳನ್ನು ಬಿಟ್ಟು ಕೇಳಿ ನೋಡಿ. ಗಿಟಾರ್ ಹನ್ನೆರಡು ಬಾರ್‌ಗಳ ಹಳೆಯ ಬ್ಲೂಸ್ ಚೌಕಟ್ಟಿನಲ್ಲಿ ಒಂದು ಸುತ್ತು ಮುಗಿಸಿ ಬಾಯಿ ಮುಚ್ಚುತ್ತದೆ. ಡ್ರಮ್ ಒಂದೇ ಉಸಿರಿನಲ್ಲಿ ಓಡುತ್ತದೆ. ಇನ್ನೇನು ಎಡವುತ್ತದೆ ಎನ್ನುವಾಗ ಗಿಟಾರ್ ಮರಳಿ ಹಿಡಿದುಕೊಳ್ಳುತ್ತದೆ. ಬೀಳುವ ಭಯ, ಬೀಳದೆ ಉಳಿದ ಖುಷಿ ಎರಡೂ ಲಯದಲ್ಲೇ ಇವೆ. ಶಿಸ್ತಿಗೆ ಹೆಸರಾದ ಕವಾಯತಿನ ನಡೆ ಶಿಸ್ತು ಮರೆತು ಓಡುವುದರಲ್ಲೇ ನಗು ಹುಟ್ಟುತ್ತದೆ. 1959ರ ಪ್ರೆಸ್ಟನ್ ಎಪ್ಸ್‌ನ 'ಬೊಂಗೊ ರಾಕ್'ಗೆ ಇದು ಹತ್ತಿರ ಎನ್ನುವವರಿದ್ದಾರೆ. ಹೋಲಿಕೆ ಇರಲಿ, ಈ ಓಟ ಇವರದೇ.

ಇದು ಒಂದು ತಂಡಕ್ಕೆ ಒದಗಿದ ಅದೃಷ್ಟ ಮಾತ್ರ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಆದರೆ ಐದು ವರ್ಷ ಮೊದಲು, 1957ರ ಡಿಸೆಂಬರಿನಲ್ಲಿ, ಹಾಲಿವುಡ್ಡಿನಲ್ಲಿ ಇದೇ ನಡೆದಿತ್ತು. 'ಟ್ರೇನ್ ಟು ನೋವೇರ್'ನ ಹಿಂಬದಿ ತುಂಬಲು 'ಚಾಂಪ್ಸ್' ತಂಡ ಡ್ಯಾನಿ ಫ್ಲೋರೆಸ್‌ನ 'ಟಕೀಲಾ' ನುಡಿಸಿತು. ಸ್ಯಾಕ್ಸೊಫೋನ್ ನುಡಿಸಿದವನೂ ಅವನೇ, ಮದ್ಯದ ಹೆಸರನ್ನು ಒರಟು ದನಿಯಲ್ಲಿ ಮೂರು ಬಾರಿ ಉಚ್ಚರಿಸಿದವನೂ ಅವನೇ. 1958ರ ಮಾರ್ಚಿನಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಹಿಂಬದಿಗೆ ನುಡಿಸಿದ್ದೆಲ್ಲ ಚೆನ್ನಾಗಿತ್ತು ಎಂದು ಇದರರ್ಥವಲ್ಲ, ಬಹುಪಾಲು ಮರೆತುಹೋಗಿದೆ. ರೂಢಿ ಬಿಡುವನ್ನಷ್ಟೇ ಕೊಡುತ್ತಿತ್ತು. ಆ ಬಿಡುವನ್ನು ತುಂಬಲು ಕೈಯಲ್ಲಿ ಮೊದಲೇ ಪಳಗಿದ ವಿದ್ಯೆ ಬೇಕಿತ್ತು. ವಿಲ್ಸನ್‌ನ ಕೈಯಲ್ಲಿ ಬ್ಯಾಂಡಿನ ಅಭ್ಯಾಸವಿತ್ತು. 'ವೈಪ್ ಔಟ್' ಕೆಲವೇ ನಿಮಿಷಗಳಲ್ಲಿ ಹುಟ್ಟಿತು ಎಂದು ಹೇಳುವವರು ಆ ಅಭ್ಯಾಸವನ್ನು ಲೆಕ್ಕಕ್ಕೆ ಹಿಡಿಯದಿರುವುದು ಅನ್ಯಾಯ.

ರೇಡಿಯೋದವರು ತಟ್ಟೆ ತಿರುಗಿಸಿ ಹಾಕಿದ ಮೇಲೆ 1963ರಲ್ಲಿ 'ವೈಪ್ ಔಟ್' ಎರಡನೇ ಸ್ಥಾನ ತಲುಪಿತು, 1966ರಲ್ಲಿ ಮತ್ತೆ ಪಟ್ಟಿಗೆ ಬಂತು. ಅದರ ರಚನೆಕಾರರೆಂದು ವಿಲ್ಸನ್, ಜಿಮ್ ಫುಲ್ಲರ್, ಬಾಬ್ ಬೆರಿಹಿಲ್, ಪ್ಯಾಟ್ ಕಾನಲಿ ನಾಲ್ವರ ಹೆಸರೂ ದಾಖಲಾಗಿದೆ.