ರತ್ನಾಜಿಯ ಮಾತು ಕೇಳಿದವರಾರು?

ನಮ್ಮ ಹೇಮಗುಡ್ಡದ ಕಡೆ ಗಂಡುಗಲಿ ಕುಮಾರರಾಮನ ಹೆಸರು ಕೇಳದವರಿಲ್ಲ. ಕಂಪಿಲರಾಯನ ಕೋಟೆಗಳ ಸಾಲಿನಲ್ಲಿ ಜಬ್ಬಲಗುಡ್ಡದ ಹತ್ತಿರದ ಕುಮ್ಮಟದುರ್ಗದ ಜೊತೆಗೆ ನಮ್ಮೂರ ಹೆಸರೂ ಬರುತ್ತದೆ. ಆ ರಾಯನ ಮಗನನ್ನು ಕುರಿತು 16ನೇ ಶತಮಾನದಲ್ಲಿ ನಂಜುಂಡ ಕವಿ ಸಾಂಗತ್ಯದಲ್ಲಿ ಕಾವ್ಯ ಕಟ್ಟಿದ. ಸಾಂಗತ್ಯವೆಂದರೆ ಹಾಡಲು ಒಗ್ಗುವ ಮಟ್ಟು. ಹಾಗಾಗಿ ಕಥೆ ಓದು ಬಾರದವರ ಬಾಯಲ್ಲೂ ಉಳಿಯಿತು.

ಕಥೆ ನಿಮಗೂ ಗೊತ್ತಿದ್ದೀತು. ರಾಮನ ಚೆಂಡು ಮಲತಾಯಿ ರತ್ನಾಜಿಯ ಅರಮನೆಯಲ್ಲಿ ಬೀಳುತ್ತದೆ. ತರಲು ಹೋದವನನ್ನು ಅವಳು ಮೋಹಿಸುತ್ತಾಳೆ, ಅವನು ಒಲ್ಲೆನೆನ್ನುತ್ತಾನೆ. ಅವಳು ರಾಯನಲ್ಲಿ ಸುಳ್ಳು ದೂರು ಹೇಳುತ್ತಾಳೆ. ರಾಯ ವಿಚಾರಿಸದೆ ಮಗನ ತಲೆ ತೆಗೆಯಲು ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಗುಟ್ಟಾಗಿ ಉಳಿಸುತ್ತಾನೆ. ರಾಮ 'ಪರದಾರ ಸೋದರ'ನಾದ. ರತ್ನಾಜಿಯ ಹೆಸರು ಬೈಗುಳವಾಯಿತು.

ಒಮ್ಮೆ ತರಗತಿಯಲ್ಲಿ ಈ ಕಥೆ ಹೇಳುವಾಗ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕೋರೆ, ರಾಯ ಮಗನ್ನೂ ಕೇಳಲಿಲ್ಲ, ಹೆಂಡ್ತಿನ್ನೂ ಸರಿಯಾಗಿ ಕೇಳಲಿಲ್ಲ. ಮತ್ತ ತಪ್ಪೆಲ್ಲ ಆಕಿದ ಹ್ಯಾಂಗ್ರೀ?" ಅಂದಳು. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಾವ್ಯದ ಹಿಂದಿನ ಇತಿಹಾಸವನ್ನು ಹುಡುಕಿ ಓದಿದೆ.

ಆದದ್ದು ಇಷ್ಟು. ಸಗರದಲ್ಲಿ ಅಧಿಕಾರಿಯಾಗಿದ್ದ ಬಹಾವುದ್ದೀನ್, ದೆಹಲಿಯ ಮಹಮ್ಮದ್ ಬಿನ್ ತುಘಲಕನ ಸೋದರ ಸಂಬಂಧಿ. ಅವನು ಬಂಡೆದ್ದು ಸೋತು ಕಂಪಿಲರಾಯನ ಆಶ್ರಯಕ್ಕೆ ಬಂದ. ರಾಯ ಅವನನ್ನು ಬಿಟ್ಟುಕೊಡಲಿಲ್ಲ. 1327ರ ಸುಮಾರಿಗೆ ಸುಲ್ತಾನನ ಸೈನ್ಯ ಮುತ್ತಿತು. ಮುಂದೆ ದೆಹಲಿಗೆ ಬಂದ ಪ್ರವಾಸಿ ಇಬ್ನ್ ಬತೂತ ಇದನ್ನು ಬರೆದಿಟ್ಟಿದ್ದಾನೆ. ಕೋಟೆಯಲ್ಲಿ ಕಾಳು ತೀರಿದಾಗ ರಾಯ ಅತಿಥಿಯನ್ನು ಬೇರೆ ಅರಸನ ಬಳಿಗೆ ಸಾಗಿಸಿ, ದೊಡ್ಡ ಬೆಂಕಿ ಹಾಕಿಸಿದನಂತೆ. ಅರಮನೆಯ ಹೆಣ್ಣುಮಕ್ಕಳು ಮಿಂದು, ಗಂಧ ಪೂಸಿಕೊಂಡು, ರಾಯನ ಮುಂದೆ ನೆಲಕ್ಕೆ ಮುತ್ತಿಟ್ಟು ಅದರೊಳಗೆ ಹಾರಿದರಂತೆ. ಮಂತ್ರಿ, ಸರದಾರರ ಹೆಂಡಿರೂ ಹಾಗೇ ಮಾಡಿದರಂತೆ. ಆಮೇಲೆ ರಾಯ ಹೋರಾಡಿ ಸತ್ತ. ಸೆರೆಯಾದ ಅವನ ಮಕ್ಕಳಲ್ಲಿ ಮೂವರನ್ನು ಬತೂತ ತಾನೇ ಕಂಡಿದ್ದನಂತೆ.

ಅವನ ಬರಹದಲ್ಲಿ ರತ್ನಾಜಿಯಿಲ್ಲ, ಚೆಂಡೂ ಇಲ್ಲ. ಬೆಂಕಿಗೆ ಬಿದ್ದ ಹೆಣ್ಣುಮಕ್ಕಳಲ್ಲಿ ಒಬ್ಬಳ ಹೆಸರೂ ಇಲ್ಲ.

ಸೋತ ನಾಡಿಗೆ ಕಳಂಕವಿಲ್ಲದ ಒಬ್ಬ ವೀರ ಬೇಕಿತ್ತು. ಅವನ ಶೀಲ ಹೊಳೆಯಬೇಕಾದರೆ ಪಕ್ಕದಲ್ಲಿ ಒಬ್ಬಳು ಕೆಟ್ಟವಳೂ ಬೇಕಾದಳು ಎಂದು ನನಗನಿಸುತ್ತದೆ. ಇದರಿಂದ ಕಾವ್ಯ ಸಣ್ಣದಾಗುವುದಿಲ್ಲ. ಶರಣು ಬಂದವನನ್ನು ಕೈಬಿಡದ ಹಿರಿಮೆ ಇತಿಹಾಸದಲ್ಲೂ ಇದೆ, ಕಾವ್ಯದಲ್ಲೂ ಇದೆ. ಆದರೆ ಆ ಹಿರಿಮೆಗೆ ಬೆಲೆ ತೆತ್ತವರಲ್ಲಿ ಹೆಂಗಸರೂ ಇದ್ದರು. ಹಾಡಿನಲ್ಲಿ ಉಳಿದದ್ದು ಮಾತ್ರ ರತ್ನಾಜಿಯ ತಪ್ಪು.

ಈಗ ಮಕ್ಕಳಿಗೆ ಎರಡನ್ನೂ ಹೇಳುತ್ತೇನೆ: ಮೊದಲು ನಂಜುಂಡನ ಕಥೆ, ಆಮೇಲೆ ಆ ಬೆಂಕಿಯ ಸುದ್ದಿ. ಯಾರ ಮೇಲೆ ಯಾವ ತೀರ್ಪು ಎಂಬುದನ್ನು ಅವರಿಗೇ ಬಿಡುತ್ತೇನೆ.