ಓಡುವ ಕಾಲಿಗೆ ಇಳಿಜಾರು ಬೇಕು: ಹಿಮದ ಹಾದಿಯಲ್ಲಿ ಮಹಿಳೆಯರು

ಶಹಾಬಾದ್ ಕಲ್ಲಿನ ನೆಲದ ಮೇಲೆ ಚೆಲ್ಲಿದ ನೀರನ್ನು ಗಮನಿಸದೆ ಕಾಲಿಟ್ಟವರಿಗೆ ಜಾರುವುದೆಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಲ್ಲು ಮತ್ತು ಕಾಲಿನ ನಡುವೆ ತೆಳುವಾದ ನೀರಿನ ಪದರವೊಂದು ಬಂದರೆ ಸಾಕು, ಮನುಷ್ಯ ತನ್ನ ಹಿಡಿತ ಕಳೆದುಕೊಳ್ಳುತ್ತಾನೆ. ಸ್ಕೀಯಿಂಗ್ ಎಂಬ ಕ್ರೀಡೆ ನಿಂತಿರುವುದೂ ಈ ಸತ್ಯದ ಮೇಲೆಯೇ. ಹಿಮದ ಮೇಲೆ ನುಣುಪಾದ ಹಲಗೆ ಉಜ್ಜಿದಾಗ ಅಡಿಯಲ್ಲಿ ತೆಳ್ಳನೆಯ ನೀರಿನ ಪದರ ಉಂಟಾಗುತ್ತದೆ. ಉಳಿದ ಕೆಲಸವನ್ನು ಇಳಿಜಾರು ಮಾಡುತ್ತದೆ. ನಾವು ಬೀಳುವಲ್ಲಿ ಸ್ಕೀ ಸ್ಪರ್ಧಿ ಬೀಳದೆ ಓಡುತ್ತಾಳೆ, ಅಷ್ಟೇ ವ್ಯತ್ಯಾಸ.

ಚಿಮ್ಮನಚೋಡದ ಮುಲ್ಲಾಮಾರಿ ದಂಡೆಯಿಂದ ವಾಡಿಯ ಸಿಮೆಂಟ್ ಕಾರ್ಖಾನೆಗಳವರೆಗಿನ ಬಿಸಿಲುನಾಡಿನಲ್ಲಿ ಬೇಸಿಗೆ ಬಂತೆಂದರೆ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಇಲ್ಲಿನವರಿಗೆ ಹಿಮವೆಂದರೆ ಸಿನಿಮಾ ಹಾಡಿನಲ್ಲಿ ಕಾಣುವ ವಸ್ತು. ಕರ್ನಾಟಕದ ಯಾವ ಜಿಲ್ಲೆಯಲ್ಲೂ ಹಿಮ ಬೀಳುವುದಿಲ್ಲ. ಹೀಗಿದ್ದೂ 2023ರಲ್ಲಿ ಸ್ಲೊವೇನಿಯಾ ದೇಶದ ಪ್ಲಾನಿತ್ಸಾದಲ್ಲಿ ನಡೆದ ನಾರ್ಡಿಕ್ ವಿಶ್ವ ಸ್ಕೀ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಪರವಾಗಿ ಕನ್ನಡ ನಾಡಿನ ಯುವತಿಯೊಬ್ಬರು ಓಡಿದರು. ಅವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ. ಮುಂದೆ 2025ರಲ್ಲಿ ದಕ್ಷಿಣ ಅಮೆರಿಕದ ಚಿಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿಲೋಮೀಟರ್ ಓಟದಲ್ಲಿ ಅವರು ಕಂಚಿನ ಪದಕವನ್ನೂ ಪಡೆದರು.

ಭವಾನಿ ಅವರದು ಕ್ರಾಸ್‌ಕಂಟ್ರಿ ಸ್ಕೀಯಿಂಗ್. ಹಿಮದ ಏರು, ಇಳಿವು, ಬಯಲುಗಳಲ್ಲಿ ಕೈಕೋಲು ಊರಿಕೊಂಡು, ತನ್ನ ಉಸಿರು ಮತ್ತು ಸ್ನಾಯುಗಳ ಬಲದಿಂದಲೇ ಮುಂದೆ ಸಾಗಬೇಕಾದ ಓಟ ಅದು. ಆದರೆ ಸ್ಕೀಯಿಂಗ್ ಎಂದಾಕ್ಷಣ ಜಗತ್ತಿನ ಕಣ್ಣಿಗೆ ಕಟ್ಟುವ ದೃಶ್ಯ ಬೇರೆ. ಬೆಟ್ಟದ ತುದಿಯಿಂದ ಬುಡಕ್ಕೆ ಬಾಣದಂತೆ ಇಳಿಯುವ ‘ಡೌನ್‌ಹಿಲ್’ ಓಟದ ದೃಶ್ಯ ಅದು. ಆ ಓಟದ ಒಲಿಂಪಿಕ್ ಪಟ್ಟಿಯಲ್ಲಿ ಭಾರತದ ಮಹಿಳೆಯ ಹೆಸರಿಲ್ಲ. ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ಸುಮಾರು ನೂರು ವರ್ಷಗಳ ಕಥೆ ತೆರೆದುಕೊಳ್ಳುತ್ತದೆ.

ಮೂರು ಜೋಗದ ಎತ್ತರ

ಬೆಟ್ಟದಿಂದ ಇಳಿಯುವ ಸ್ಕೀ ಓಟಗಳಿಗೆ ಒಟ್ಟಾಗಿ ‘ಆಲ್ಪೈನ್’ ಎಂದು ಹೆಸರು. ಯುರೋಪಿನ ಆಲ್ಪ್ಸ್ ಪರ್ವತದಿಂದ ಬಂದ ಹೆಸರು ಇದು. ಇದರಲ್ಲಿ ಎರಡು ಬಗೆ. ಸ್ಲಾಲಂ ಮತ್ತು ಜೈಂಟ್ ಸ್ಲಾಲಂ ಚಾಕಚಕ್ಯತೆಯ ಓಟಗಳು. ನೆಟ್ಟ ಕಂಬಗಳ ನಡುವೆ ಹಾವಿನಂತೆ ಬಳುಕುತ್ತ ಇಳಿಯಬೇಕು. ಡೌನ್‌ಹಿಲ್ ಮತ್ತು ಸೂಪರ್ ಜಿ ವೇಗದ ಓಟಗಳು. ಇಲ್ಲಿ ತಿರುವುಗಳು ಕಡಿಮೆ, ವೇಗ ಹೆಚ್ಚು. ಮಹಿಳೆಯರ ಡೌನ್‌ಹಿಲ್‌ನಲ್ಲಿ ವೇಗ ಗಂಟೆಗೆ 100 ಕಿಲೋಮೀಟರ್ ದಾಟುವುದು ಸಾಮಾನ್ಯ.

ಎತ್ತರದ ಲೆಕ್ಕ ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ದೊಡ್ಡ ಸ್ಪರ್ಧೆಗಳಲ್ಲಿ ಮಹಿಳೆಯರ ಸ್ಲಾಲಂ ಓಟದ ಆರಂಭಕ್ಕೂ ಅಂತ್ಯಕ್ಕೂ ನಡುವೆ ಹೆಚ್ಚೆಂದರೆ 220 ಮೀಟರ್ ಎತ್ತರದ ಅಂತರವಿರುತ್ತದೆ. ಜೋಗದ ರಾಜಾ 253 ಮೀಟರ್ ಧುಮುಕುತ್ತದೆ. ಅಂದರೆ ಸ್ಲಾಲಂ ಓಟಕ್ಕೆ ಜೋಗಕ್ಕಿಂತ ತುಸು ಗಿಡ್ಡ ಗುಡ್ಡ ಸಾಕು. ಮಹಿಳೆಯರ ಡೌನ್‌ಹಿಲ್‌ನಲ್ಲಾದರೋ ಈ ಅಂತರ 450ರಿಂದ 800 ಮೀಟರ್. ಮೂರು ಜೋಗಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರದಿಂದ ಸ್ಪರ್ಧಿ ಒಂದೂವರೆ ನಿಮಿಷದ ಆಸುಪಾಸಿನಲ್ಲಿ ಕೆಳಗೆ ಬಂದಿರುತ್ತಾಳೆ.

ಸ್ಲಾಲಂನಲ್ಲಿ ಎರಡು ಸುತ್ತುಗಳ ಸಮಯ ಕೂಡಿಸುತ್ತಾರೆ. ಡೌನ್‌ಹಿಲ್‌ನಲ್ಲಿ ಒಂದೇ ಓಟ. ತಪ್ಪಿದರೆ ತಿದ್ದಿಕೊಳ್ಳಲು ಇನ್ನೊಂದು ಸುತ್ತಿಲ್ಲ. ಅದಕ್ಕಾಗಿಯೇ ಸ್ಪರ್ಧೆಗೆ ಮುಂಚಿನ ದಿನಗಳಲ್ಲಿ ಅದೇ ಹಾದಿಯಲ್ಲಿ ಅಭ್ಯಾಸ ಓಟಗಳನ್ನು ಏರ್ಪಡಿಸುತ್ತಾರೆ. ಅಭ್ಯಾಸದಲ್ಲಿ ಇಳಿಯದವರಿಗೆ ಸ್ಪರ್ಧೆಯಲ್ಲಿ ಇಳಿಯಲು ಅವಕಾಶವಿಲ್ಲ. ಬೇರಾವ ಆಲ್ಪೈನ್ ಓಟಕ್ಕೂ ಇಲ್ಲದ ನಿಯಮ ಇದು.

ಹದಿನೇಳರ ಹುಡುಗಿ

ಕ್ರೀಡೆಯ ಚರಿತ್ರೆಯಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು ಸಾಮಾನ್ಯವಾಗಿ ಗಂಡಸರು ಒಳಹೊಕ್ಕು ಎಷ್ಟೋ ಕಾಲವಾದ ಮೇಲೆ. ಡೌನ್‌ಹಿಲ್ ಇದಕ್ಕೆ ಅಪವಾದ. 1931ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯೂರೆನ್‌ನಲ್ಲಿ ಮೊದಲ ಆಲ್ಪೈನ್ ವಿಶ್ವ ಚಾಂಪಿಯನ್‌ಷಿಪ್ ನಡೆದಾಗಲೇ ಮಹಿಳೆಯರ ಡೌನ್‌ಹಿಲ್ ಕೂಡ ಇತ್ತು. ಅದರಲ್ಲಿ ಗೆದ್ದವರು ಎಸ್ಮೆ ಮೆಕಿನನ್ ಎಂಬ ಸ್ಕಾಟ್ಲೆಂಡಿನ ಹುಡುಗಿ. ಆಗ ಅವರಿಗೆ ಕೇವಲ 17 ವರ್ಷ. ಡೌನ್‌ಹಿಲ್ ಮಾತ್ರವಲ್ಲ, ಸ್ಲಾಲಂ ಕೂಡ ಅವರ ಪಾಲಾಯಿತು.

ಒಲಿಂಪಿಕ್ಸ್ ಇಷ್ಟು ಉದಾರವಾಗಿರಲಿಲ್ಲ. ಚಳಿಗಾಲದ ಒಲಿಂಪಿಕ್ಸ್ ಆರಂಭವಾದದ್ದು 1924ರಲ್ಲಿ. ಆಲ್ಪೈನ್ ಓಟಗಳಿಗೆ ಅಲ್ಲಿ ಜಾಗ ಸಿಕ್ಕಿದ್ದು 1936ರಲ್ಲಿ, ಜರ್ಮನಿಯ ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್‌ನಲ್ಲಿ. ಅದೂ ಡೌನ್‌ಹಿಲ್ ಮತ್ತು ಸ್ಲಾಲಂ ಎರಡನ್ನೂ ಕೂಡಿಸಿ ಒಂದೇ ಪದಕ ಎಂಬ ಷರತ್ತಿನೊಂದಿಗೆ.

ಆ ಷರತ್ತಿನಿಂದಾಗಿ ವಿಚಿತ್ರ ಸಂಗತಿಯೊಂದು ನಡೆಯಿತು. ನಾರ್ವೆಯ ಲೈಲಾ ಶೂ ನಿಲ್ಸನ್ ಮೂಲತಃ ಐಸ್ ಸ್ಕೇಟಿಂಗ್ ಓಟಗಾರ್ತಿ. ವೇಗದ ಸ್ಕೇಟಿಂಗ್‌ನಲ್ಲಿ ಅವರು ವಿಶ್ವದಾಖಲೆಗಳನ್ನು ಹೊಂದಿದ್ದವರು. ಆದರೆ ಆ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ವೇಗದ ಸ್ಕೇಟಿಂಗ್ ಇರಲೇ ಇಲ್ಲ. ಲೈಲಾ ಸುಮ್ಮನೆ ಕೂರಲಿಲ್ಲ. ಸ್ಕೀ ಕಟ್ಟಿಕೊಂಡು ಬಂದು ಡೌನ್‌ಹಿಲ್ ಭಾಗದಲ್ಲಿ ಎಲ್ಲರಿಗಿಂತ ಮೊದಲಿಗರಾದರು. ಅದೇ ಓಟದಲ್ಲಿ ಜರ್ಮನಿಯ ಕ್ರಿಸ್ಟಲ್ ಕ್ರಾಂಟ್ಸ್ ಮುಗ್ಗರಿಸಿ ಬಿದ್ದು ಆರನೆಯ ಸ್ಥಾನಕ್ಕೆ ಇಳಿದಿದ್ದರು. ಆದರೆ ಸ್ಲಾಲಂನಲ್ಲಿ ಕ್ರಾಂಟ್ಸ್ ಉಳಿದವರನ್ನು ಬಹು ಹಿಂದೆ ಬಿಟ್ಟರು. ಎರಡನ್ನೂ ಕೂಡಿಸಿದಾಗ ಚಿನ್ನ ಕ್ರಾಂಟ್ಸ್ ಅವರಿಗೆ, ಕಂಚು ಲೈಲಾ ಅವರಿಗೆ. ಡೌನ್‌ಹಿಲ್‌ನಲ್ಲಿ ಮೊದಲು ಬಂದವರಿಗೆ ಡೌನ್‌ಹಿಲ್‌ನ ಚಿನ್ನ ಸಿಗಲಿಲ್ಲ. ಏಕೆಂದರೆ ಅಂಥದೊಂದು ಪದಕವೇ ಇರಲಿಲ್ಲ.

ಡೌನ್‌ಹಿಲ್‌ಗೆ ಪ್ರತ್ಯೇಕ ಒಲಿಂಪಿಕ್ ಪದಕ ಬರಲು ಎರಡನೆಯ ಮಹಾಯುದ್ಧ ಮುಗಿಯಬೇಕಾಯಿತು. 1948ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸ್‌ನಲ್ಲಿ ಅದನ್ನು ಮೊದಲು ಗೆದ್ದ ಮಹಿಳೆ ಆ ದೇಶದವರೇ ಆದ ಹೆಡಿ ಶ್ಲುನೆಗರ್.

ಸೆಕೆಂಡಿನ ನೂರನೆಯ ಒಂದು ಭಾಗ

1967ರಲ್ಲಿ ವಿಶ್ವಕಪ್ ಸರಣಿ ಆರಂಭವಾದ ಮೇಲೆ ಚಳಿಗಾಲದುದ್ದಕ್ಕೂ ಬೆಟ್ಟದಿಂದ ಬೆಟ್ಟಕ್ಕೆ ಸ್ಪರ್ಧೆಗಳು ಸಾಗತೊಡಗಿದವು. ಆ ಕಾಲದ ರಾಣಿ ಆಸ್ಟ್ರಿಯಾದ ಆನೆಮರೀ ಮೋಸರ್-ಪ್ರೋಲ್. ವಿಶ್ವಕಪ್‌ನಲ್ಲಿ ಅವರು ಗೆದ್ದ ಡೌನ್‌ಹಿಲ್ ಓಟಗಳು 36. ಆದರೂ ಒಲಿಂಪಿಕ್ ಚಿನ್ನ ಅವರನ್ನು ಬಹಳ ಕಾಲ ಸತಾಯಿಸಿತು. 1972ರಲ್ಲಿ ಜಪಾನಿನ ಸಪ್ಪೊರೊದಲ್ಲಿ ಗೆಲ್ಲುವವರು ಅವರೇ ಎಂದು ಎಲ್ಲರೂ ನಂಬಿದ್ದಾಗ ಸ್ವಿಟ್ಜರ್ಲೆಂಡಿನ 17ರ ಹುಡುಗಿ ಮರೀ-ತೆರೇಸ್ ನಾಡಿಗ್ ಡೌನ್‌ಹಿಲ್ ಮತ್ತು ಜೈಂಟ್ ಸ್ಲಾಲಂ ಎರಡರಲ್ಲೂ ಚಿನ್ನ ಕಸಿದುಕೊಂಡರು. ಪ್ರೋಲ್ ಅವರಿಗೆ ಡೌನ್‌ಹಿಲ್ ಚಿನ್ನ ದಕ್ಕಿದ್ದು ಎಂಟು ವರ್ಷಗಳ ನಂತರ, 1980ರಲ್ಲಿ.

ಅವರ 36ರ ದಾಖಲೆಯನ್ನು ಮುರಿದವರು ಅಮೆರಿಕದ ಲಿಂಡ್ಸೆ ವಾನ್. 2010ರ ಒಲಿಂಪಿಕ್ ಡೌನ್‌ಹಿಲ್ ಚಿನ್ನ ಗೆದ್ದ ಅವರು 2019ರಲ್ಲಿ ಮೊದಲ ಬಾರಿ ನಿವೃತ್ತಿ ಘೋಷಿಸಿದಾಗ 43 ವಿಶ್ವಕಪ್ ಡೌನ್‌ಹಿಲ್‌ಗಳನ್ನು ಗೆದ್ದಿದ್ದರು. 2012ರಲ್ಲಿ ಕೆನಡಾದ ಲೇಕ್ ಲೂಯಿಸ್‌ನಲ್ಲಿ ಪುರುಷರೊಂದಿಗೆ ಓಡಲು ಅವರು ಅನುಮತಿ ಕೇಳಿದರು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಒಪ್ಪಲಿಲ್ಲ.

ಗೆಲುವು ಸೋಲುಗಳ ನಡುವಿನ ಅಂತರ ಎಷ್ಟು ಕಿರಿದು ಎಂಬುದಕ್ಕೆ 2014ರ ಸೋಚಿ ಒಲಿಂಪಿಕ್ಸ್ ಸಾಕ್ಷಿ. ಸ್ಲೊವೇನಿಯಾದ ಟೀನಾ ಮಾಜೆ ಮತ್ತು ಸ್ವಿಟ್ಜರ್ಲೆಂಡಿನ ಡೊಮಿನಿಕ್ ಗೀಸಿನ್ ಇಬ್ಬರೂ ತೆಗೆದುಕೊಂಡ ಸಮಯ 1 ನಿಮಿಷ 41.57 ಸೆಕೆಂಡ್. ಸೆಕೆಂಡನ್ನು ನೂರು ಪಾಲು ಮಾಡಿ ಅಳೆದರೂ ವ್ಯತ್ಯಾಸ ಸಿಗಲಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವವರು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಕ್ರಮಿಸುವುದು ಸುಮಾರು 28 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಇಬ್ಬರಿಗೂ ಚಿನ್ನ ಕೊಡಲಾಯಿತು.

ಈ ವೇಗಕ್ಕೆ ತೆತ್ತ ಬೆಲೆಯೂ ಉಂಟು. 1994ರ ಜನವರಿ 29ರಂದು ಅದೇ ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್‌ನ ಡೌನ್‌ಹಿಲ್ ಹಾದಿಯಲ್ಲಿ ಆಸ್ಟ್ರಿಯಾದ ಉಲ್ರಿಕೆ ಮೈಯರ್ ಬಿದ್ದು ಪ್ರಾಣ ಕಳೆದುಕೊಂಡರು. ಸೂಪರ್ ಜಿ ಓಟದಲ್ಲಿ ಎರಡು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಅವರು ಪುಟ್ಟ ಮಗಳ ತಾಯಿ. ಇಂದಿನ ಡೌನ್‌ಹಿಲ್ ಹಾದಿಯ ಇಕ್ಕೆಲಗಳಲ್ಲಿ ಸಾಲು ಸಾಲಾಗಿ ರಕ್ಷಣಾ ಬಲೆಗಳಿರುತ್ತವೆ. ಬೀಳುವಾಗ ತಾನಾಗಿ ಉಬ್ಬುವ ಗಾಳಿಚೀಲದ ಅಂಗಿಯನ್ನು 2024-25ರ ಋತುವಿನಿಂದ ವಿಶ್ವಕಪ್‌ನ ವೇಗದ ಓಟಗಳಲ್ಲಿ ಕಡ್ಡಾಯ ಮಾಡಲಾಗಿದೆ. ಹೀಗಾಗಿ ಡೌನ್‌ಹಿಲ್ ನಡೆಸಲು ಎತ್ತರದ ಬೆಟ್ಟವೊಂದೇ ಸಾಲದು. ಹದಗೊಳಿಸಿದ ಹಿಮ, ಬಲೆ, ವೈದ್ಯರು, ಹೆಲಿಕಾಪ್ಟರ್ ಎಲ್ಲವೂ ಸಿದ್ಧವಿರಬೇಕು.

ಭಾರತದ ಹೆಜ್ಜೆಗಳು

ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತ ಕಾಲಿಟ್ಟದ್ದೇ ಡೌನ್‌ಹಿಲ್ ಮೂಲಕ. 1964ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಭಾರತದ ಪರವಾಗಿ ಇಳಿದ ಪೋಲಿಷ್ ಮೂಲದ ಜೆರೆಮಿ ಬುಯಾಕೊವ್ಸ್ಕಿ ಪುರುಷರ ಡೌನ್‌ಹಿಲ್‌ನಲ್ಲಿ ಸ್ಪರ್ಧಿಸಿ, ಓಟ ಪೂರ್ಣಗೊಳಿಸಲಾಗದೆ ಹಿಂದಿರುಗಿದರು.

ಭಾರತದ ಮಹಿಳೆ ಅಲ್ಲಿಗೆ ತಲುಪಲು ಇನ್ನೂ 24 ವರ್ಷ ಹಿಡಿಯಿತು. 1988ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಶೈಲಜಾ ಕುಮಾರ್ ಸ್ಲಾಲಂನಲ್ಲಿ ಸ್ಪರ್ಧಿಸಿ 28ನೆಯ ಸ್ಥಾನ ಪಡೆದರು. ಓಟ ಮುಗಿಸಿದವರಲ್ಲಿ ಅವರೇ ಕೊನೆಯವರು. ಆದರೆ ನಡುದಾರಿಯಲ್ಲಿ ಬಿದ್ದು ಓಟ ಬಿಟ್ಟವರ ಸಾಲಿಗೆ ಅವರು ಸೇರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. 2006ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ನೇಹಾ ಅಹುಜಾ ಸ್ಲಾಲಂ ಮತ್ತು ಜೈಂಟ್ ಸ್ಲಾಲಂನಲ್ಲಿ ಓಡಿದರು. 2018ರ ಜನವರಿಯಲ್ಲಿ ಮನಾಲಿ ಬಳಿಯ ಆಂಚಲ್ ಠಾಕೂರ್ ಟರ್ಕಿಯ ಎರ್ಜುರುಮ್‌ನಲ್ಲಿ ಕಂಚು ಗೆದ್ದಾಗ ದೇಶವೇ ಒಮ್ಮೆ ತಿರುಗಿ ನೋಡಿತು. ಅದೂ ಸ್ಲಾಲಂನಲ್ಲಿಯೇ.

ಇದು ಆಕಸ್ಮಿಕವಲ್ಲ. ಸ್ಕೀ ಒಕ್ಕೂಟದ ಅಂಕಪದ್ಧತಿಯಲ್ಲಿ ಕಡಿಮೆ ಅಂಕ ಇದ್ದವರು ಉತ್ತಮರು. ಒಲಿಂಪಿಕ್ ಡೌನ್‌ಹಿಲ್‌ಗೆ ಅರ್ಹತೆ ಬೇಕಾದರೆ 80 ಅಂಕಗಳ ಒಳಗಿರಬೇಕು ಎಂಬ ಬಿಗಿಯಾದ ನಿಯಮ 2018 ಮತ್ತು 2022ರಲ್ಲಿ ಇತ್ತು. ಸಣ್ಣ ದೇಶಗಳಿಗೂ ಅವಕಾಶ ಸಿಗಲೆಂದು ಕೊಟ್ಟ ರಿಯಾಯಿತಿ ಸ್ಲಾಲಂ ಮತ್ತು ಜೈಂಟ್ ಸ್ಲಾಲಂಗೆ ಮಾತ್ರ. ಅಲ್ಲಿ ಅದರ ಎರಡುಪಟ್ಟಿನ ಸಮೀಪ ಅಂಕಗಳಿದ್ದರೂ ನಡೆಯುತ್ತಿತ್ತು. ವೇಗದ ಓಟದಲ್ಲಿ ಪಳಗದವರನ್ನು ಆ ಇಳಿಜಾರಿಗೆ ಬಿಟ್ಟರೆ ಜೀವಕ್ಕೇ ಅಪಾಯ. ಆದ್ದರಿಂದ ನಿಯಮ ಅನ್ಯಾಯದ್ದೆಂದು ಹೇಳುವಂತಿಲ್ಲ. ಆದರೆ ಪಳಗುವುದೆಲ್ಲಿ? ಅಂಕ ಪಡೆಯಲು ಡೌನ್‌ಹಿಲ್ ಸ್ಪರ್ಧೆಗಳಲ್ಲಿ ಓಡಬೇಕು. ಓಡಲು ಒಕ್ಕೂಟ ಒಪ್ಪಿದ ಹಾದಿ ಬೇಕು. ಅಂಥ ಹಾದಿಗಳು ಹೇರಳವಾಗಿರುವುದು ಆಲ್ಪ್ಸ್‌ನಂಥ ಕಡೆ. ಅಲ್ಲಿ ಋತುಗಟ್ಟಲೆ ಇದ್ದು ಅಭ್ಯಾಸ ಮಾಡುವ ಖರ್ಚು ಸಾಮಾನ್ಯ ಕುಟುಂಬದ ಹುಡುಗಿಗೆ ನಿಲುಕುವಂಥದ್ದಲ್ಲ.

ನಮ್ಮಲ್ಲಿ ಬೆಟ್ಟಗಳಿಗೇನೂ ಕೊರತೆಯಿಲ್ಲ. ಗುಲ್ಮಾರ್ಗ್‌ನ ಅಫರ್ವತ್ ಬೆಟ್ಟಕ್ಕೆ ರೋಪ್‌ವೇ ಇದೆ. ಉತ್ತರಾಖಂಡದ ಔಲಿಯಲ್ಲಿ 2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀ ಸ್ಪರ್ಧೆಗಳು ನಡೆದವು. ಪ್ರವಾಸಿಗರು ಜಾರುವ ಇಳಿಜಾರಿಗೂ ಬಲೆ ಕಟ್ಟಿ, ಹಿಮ ಹದಗೊಳಿಸಿ, ದಿನವೂ ವೇಗದ ಅಭ್ಯಾಸಕ್ಕೆ ಬಿಟ್ಟುಕೊಡುವ ಹಾದಿಗೂ ಇರುವ ಅಂತರವೇ ನಮ್ಮ ಕೊರತೆ.

ಕೊಡಗಿನ ಭವಾನಿ ಹಿಡಿದ ಹಾದಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕ್ರಾಸ್‌ಕಂಟ್ರಿ ಓಟಕ್ಕೆ ರೋಪ್‌ವೇ ಬೇಕಿಲ್ಲ, ಮೂರು ಜೋಗದ ಎತ್ತರವೂ ಬೇಕಿಲ್ಲ. ಹಿಮವಿಲ್ಲದ ತಿಂಗಳುಗಳಲ್ಲಿ ಈ ಓಟಗಾರರು ಗಾಲಿ ಕಟ್ಟಿದ ರೋಲರ್ ಸ್ಕೀಗಳ ಮೇಲೆ ಡಾಂಬರು ರಸ್ತೆಯಲ್ಲೇ ಅಭ್ಯಾಸ ಮಾಡುತ್ತಾರೆ. ಹಾಗೆಂದು ಅದು ಸುಲಭದ ಓಟವಲ್ಲ. ಕ್ರೀಡೆಗಳಲ್ಲೇ ಅತ್ಯಂತ ದಣಿಸುವಂಥದ್ದು ಎಂದು ಹೆಸರಾದದ್ದು. ಆದರೆ ಹಿಮವಿಲ್ಲದ ಊರಿನ ಹುಡುಗಿಗೆ ಛಲದಿಂದ ತಲುಪಬಹುದಾದ ಹಾದಿ ಅದು. ಡೌನ್‌ಹಿಲ್‌ಗೆ ಛಲವೊಂದೇ ಸಾಲುವುದಿಲ್ಲ.

1936ರಲ್ಲಿ ಲೈಲಾ ನಿಲ್ಸನ್ ತಮ್ಮ ಸ್ಕೇಟಿಂಗ್‌ಗೆ ಬಾಗಿಲು ಮುಚ್ಚಿದ್ದರಿಂದ ಡೌನ್‌ಹಿಲ್‌ನ ಬಾಗಿಲು ತಟ್ಟಿದರು. ಬೆಟ್ಟ, ಹಿಮ ಎರಡೂ ಅವರ ದೇಶದಲ್ಲಿ ಇದ್ದವು. ಶೈಲಜಾ, ನೇಹಾ, ಆಂಚಲ್, ಭವಾನಿ ಅವರೂ ತಮಗೆ ತೆರೆದಿದ್ದ ಬಾಗಿಲಿನಿಂದಲೇ ಒಳಹೊಕ್ಕರು. ನಮ್ಮ ಹೆಣ್ಣುಮಕ್ಕಳಿಗೆ ಇಳಿಯುವ ಧೈರ್ಯ ಇದೆಯೇ ಎಂದು ಇನ್ನು ಯಾರೂ ಕೇಳಬೇಕಾಗಿಲ್ಲ. ಇಳಿಯಲು ಒಂದು ಹಾದಿ ಮಾಡಿಕೊಟ್ಟಿದ್ದೇವೆಯೇ ಎಂಬುದಷ್ಟೇ ಉಳಿದಿರುವ ಪ್ರಶ್ನೆ.