ಗುಣಿಸಿದಾಗ ಕಳೆದುಹೋಗೋ ಸತ್ಯ: ಒಂದು ಸಾಫ್ಟ್‌ವೇರ್ ಚರಿತ್ರೆ

ಇವತ್ತಿನ ಎಪಿಸೋಡ್ ಒಂದು ಗುಣಾಕಾರದ ಬಗ್ಗೆ. ಎಕ್ಸೆಲ್‌ನಲ್ಲಿ ಎರಡು ಕಾಲಂ ಗುಣಿಸೋಕೆ ಒಂದು ಸೆಕೆಂಡ್ ಸಾಕು. ಆದ್ರೆ ಕಣ್ಣಿಗೆ ಕಾಣದ ಎರಡು ಸಂಗತಿಗಳನ್ನ ಸರಿಯಾಗಿ ಗುಣಿಸೋಕೆ ಸಂಖ್ಯಾಶಾಸ್ತ್ರಜ್ಞರಿಗೆ ದಶಕಗಳೇ ಬೇಕಾದವು.

ಕೆಲಸದ ಒತ್ತಡ ಜಾಸ್ತಿಯಾದ್ರೆ ಮನುಷ್ಯ ಬಳಲ್ತಾನೆ. ಜೊತೆಗಾರರ ಬೆಂಬಲ ಇದ್ರೆ ಆ ಹೊಡೆತ ಕಮ್ಮಿ ಆಗುತ್ತಾ? ಹೀಗೆ ಒಂದರ ಪರಿಣಾಮ ಇನ್ನೊಂದನ್ನ ಅವಲಂಬಿಸಿದ್ರೆ ಅದು ಇಂಟರಾಕ್ಷನ್ ಎಫೆಕ್ಟ್. ಆದ್ರೆ ಒತ್ತಡ, ಬೆಂಬಲ ಇವನ್ನ ತಕ್ಕಡಿಯಲ್ಲಿ ತೂಗೋಕಾಗಲ್ಲ. ನಾಲ್ಕಾರು ಪ್ರಶ್ನೆ ಕೇಳಿ, ಉತ್ತರಗಳಿಂದ ಅಂದಾಜು ಮಾಡಬೇಕು. ಇವೇ ಲೇಟೆಂಟ್ ವೇರಿಯಬಲ್‌ಗಳು.

ಅಂದಾಜು ಅಂದ್ಮೇಲೆ ತಪ್ಪು ಇದ್ದೇ ಇರುತ್ತೆ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಅಳತೆಗಳ ವಿಶ್ವಾಸಾರ್ಹತೆ ತಲಾ 0.7 ಅಂತ ಇಟ್ಕೊಳ್ಳಿ. ಅವುಗಳ ಗುಣಲಬ್ಧದ್ದು ಬರೀ 0.49. ಅರ್ಧಕ್ಕಿಂತ ಹೆಚ್ಚು ಗದ್ದಲವೇ! ನಿಜವಾಗಿ ಇರೋ ಪರಿಣಾಮ ಅದರಲ್ಲಿ ಮುಳುಗಿಹೋಗಿ, ‘ಬೆಂಬಲದಿಂದ ಏನೂ ವ್ಯತ್ಯಾಸ ಆಗಲ್ಲ’ ಅನ್ನೋ ವರದಿ ಬರಬಹುದು. ಅದನ್ನ ನಂಬಿ ಯಾರೋ ಒಂದು ಒಳ್ಳೆಯ ಯೋಜನೆಯನ್ನೇ ನಿಲ್ಲಿಸಬಹುದು.

ಅಳತೆಯ ತಪ್ಪು ಸಂಬಂಧಗಳನ್ನ ದುರ್ಬಲವಾಗಿ ತೋರಿಸುತ್ತೆ ಅಂತ ಬ್ರಿಟನ್ನಿನ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲೇ ಹೇಳಿದ್ದರು. 1970ರ ದಶಕದಲ್ಲಿ ಸ್ವೀಡನ್ನಿನ ಕಾರ್ಲ್ ಯೋರೆಸ್ಕೋಗ್ ಮತ್ತು ದಾಗ್ ಸೋರ್ಬೋಮ್ ಅವರ ಲಿಸ್ರೆಲ್ ಸಾಫ್ಟ್‌ವೇರ್ ಆ ತಪ್ಪನ್ನ ಬೇರ್ಪಡಿಸಿ ಲೆಕ್ಕ ಹಾಕೋದನ್ನ ಜನಪ್ರಿಯಗೊಳಿಸ್ತು. ಆದ್ರೆ ಅದಕ್ಕೆ ಒಗ್ಗಿದ್ದು ಕೂಡೋ ಲೆಕ್ಕ, ಗುಣಿಸೋದಲ್ಲ.

1984ರಲ್ಲಿ ಅಮೆರಿಕದ ಡೇವಿಡ್ ಕೆನ್ನಿ, ಚಾರ್ಲ್ಸ್ ಜಡ್ ಒಂದು ದಾರಿ ತೋರಿಸಿದ್ರು: ಪ್ರಶ್ನೆಗಳ ಅಂಕಗಳನ್ನೇ ಪರಸ್ಪರ ಗುಣಿಸಿ. ಎರಡೆರಡು ಪ್ರಶ್ನೆ ಇದ್ರೆ ನಾಲ್ಕು ಗುಣಲಬ್ಧ. ಆದ್ರೆ ಪ್ರತಿಯೊಂದಕ್ಕೂ ಷರತ್ತುಗಳ ಸರಮಾಲೆ, ಅದನ್ನೆಲ್ಲಾ ಸಂಶೋಧಕರೇ ಬರೀಬೇಕು. ಒಂದು ಸಾಲು ತಪ್ಪಿದ್ರೆ ಇಡೀ ಲೆಕ್ಕವೇ ತಪ್ಪು.

ಇನ್ನೊಂದು ತೊಡಕೂ ಇತ್ತು. ಗಂಟೆ ಆಕಾರದ ಎರಡು ಹಂಚಿಕೆಗಳನ್ನ ಗುಣಿಸಿದ್ರೆ ಬರೋದು ಗಂಟೆ ಆಕಾರದ್ದಲ್ಲ. ಮಾಮೂಲಿ ವಿಧಾನ ಮಾತ್ರ ಹಾಗಿದೆ ಅಂತಾನೇ ಭಾವಿಸ್ತಿತ್ತು. 2000ದಲ್ಲಿ ಆಂಡ್ರಿಯಾಸ್ ಕ್ಲೈನ್ ಮತ್ತು ಹೆಲ್ಫ್ರೀಡ್ ಮೂಸ್‌ಬ್ರುಗರ್ ಪ್ರಕಟಿಸಿದ ಎಲ್‌ಎಂಎಸ್ ವಿಧಾನ ಆ ವಕ್ರ ಹಂಚಿಕೆಯನ್ನೇ ನೇರವಾಗಿ ಲೆಕ್ಕಕ್ಕೆ ತಗೊಳ್ತು. ಪ್ರಶ್ನೆಗಳನ್ನ ಗುಣಿಸೋ ಗೋಜೇ ಇಲ್ಲ. ಮುಂದೆ ಎಂಪ್ಲಸ್ ಸಾಫ್ಟ್‌ವೇರ್‌ನಲ್ಲಿ ಇಡೀ ಕೆಲಸ ‘ಎಕ್ಸ್‌ವಿತ್’ ಅನ್ನೋ ಒಂದೇ ಆಜ್ಞೆಗೆ ಇಳೀತು.

ಆದ್ರೆ ಎಂಪ್ಲಸ್‌ಗೆ ದುಡ್ಡು ಕೊಡಬೇಕು. ಅಂದ್ರೆ ಈ ಪ್ರಶ್ನೆ ಯಾರು ಕೇಳಬಹುದು ಅನ್ನೋದನ್ನ ಲೈಸೆನ್ಸ್ ತೀರ್ಮಾನಿಸ್ತಿತ್ತು. 2012ರಲ್ಲಿ ಬೆಲ್ಜಿಯಂನ ಈವ್ ರೊಸೀಲ್ ತಮ್ಮ ಉಚಿತ ಲವಾನ್ ಪ್ಯಾಕೇಜಿನ ಬಗ್ಗೆ ಲೇಖನ ಪ್ರಕಟಿಸಿದ್ರು. ಈಗ ಮೋಡ್‌ಸೆಮ್ ಅನ್ನೋ ಉಚಿತ ಪ್ಯಾಕೇಜ್ ಗುಣಲಬ್ಧದ ದಾರಿ, ಎಲ್‌ಎಂಎಸ್ ಎರಡನ್ನೂ ಕೊಡುತ್ತೆ. ಲ್ಯಾಪ್‌ಟಾಪ್ ಇರೋ ಯಾವ ವಿದ್ಯಾರ್ಥಿಯಾದ್ರೂ ಇಳಿಸ್ಕೊಳ್ಳಬಹುದು.

ಹಾಗಂತ ಕೆಟ್ಟ ಪ್ರಶ್ನೆಪಟ್ಟಿಯನ್ನ ಯಾವ ಸಾಫ್ಟ್‌ವೇರೂ ಕಾಪಾಡಲ್ಲ. ಮುಂದಿನ ಸಲ ‘ಪರಿಣಾಮ ಕಂಡುಬಂದಿಲ್ಲ’ ಅನ್ನೋ ಸುದ್ದಿ ಓದಿದಾಗ ಒಂದು ಮಾತು ಕೇಳಿ: ಪರಿಣಾಮ ಇರಲಿಲ್ವಾ, ಇಲ್ಲಾ ಅಳತೆಗೋಲಿಗೆ ಕಾಣಲಿಲ್ವಾ?